ಕರುಳಿನ ಅಮೀಬಾ ಸೋಂಕನ್ನು ಸರಿಯಾಗಿ ಪತ್ತೆ ಮಾಡುವುದು ಹೇಗೆ?

ಮಲ ಪರೀಕ್ಷೆಯ ವರದಿಯಲ್ಲಿ ‘ಅಮೀಬಾ ಸಿಸ್ಟ್ ಇದೆ’, ಅಂದರೆ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ಅಮೀಬಾ ಇದೆ, ಎಂದು ಬಂದ ಮಾತ್ರಕ್ಕೆ ರೋಗ ಖಚಿತವಾಗುವುದಿಲ್ಲ. ‘ಇಲ್ಲ’ ಎಂದು ಬಂದರೆ ನಿಶ್ಚಿಂತೆಯಿಂದಿರಲೂ ಆಗುವುದಿಲ್ಲ. ರೋಗ ತರುವುದು ಎಂಟಮೀಬಾ ಹಿಸ್ಟೊಲಿಟಿಕಾ. ನೋಡಲು ಅದರ ತದ್ರೂಪಿಯಾದ ಎಂಟಮೀಬಾ ಡಿಸ್ಪಾರ್ ಸಾಮಾನ್ಯವಾಗಿ ತೊಂದರೆ ಕೊಡದೆ ಕರುಳಲ್ಲಿರುತ್ತದೆ. ಇವೆರಡರ ಸಿಸ್ಟ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬೇರೆ ಮಾಡಲು ಸಾಧ್ಯವಿಲ್ಲ.

ಮೊದಲು ಲಕ್ಷಣ ಗಮನಿಸಿ. ಅಮೀಬಾ ಭೇದಿ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ನಿಧಾನವಾಗಿ ಹೆಚ್ಚುತ್ತದೆ: ಹೊಟ್ಟೆನೋವು, ರಕ್ತ ಮತ್ತು ಲೋಳೆ ಬೆರೆತ ಮಲ, ತೂಕ ಇಳಿಕೆ. ಜ್ವರ ಎಲ್ಲರಿಗೂ ಬರುವುದಿಲ್ಲ. ಒಮ್ಮೆಲೇ ಜ್ವರದೊಂದಿಗೆ ಶುರುವಾದ ರಕ್ತಭೇದಿಯಾದರೆ ಶಿಗೆಲ್ಲಾದಂಥ ಬ್ಯಾಕ್ಟೀರಿಯಾಗಳನ್ನು ಮೊದಲು ಶಂಕಿಸಬೇಕು.

ಇನ್ನು ಅಪಾಯದ ಹಿನ್ನೆಲೆ ಕೇಳಿ. ಮಲದಿಂದ ಕಲುಷಿತವಾದ ನೀರು, ಆಹಾರ, ಸೋಂಕು ಹೆಚ್ಚಿರುವ ಪ್ರದೇಶದಲ್ಲಿ ವಾಸ ಅಥವಾ ಪ್ರವಾಸ, ಶೌಚ ವ್ಯವಸ್ಥೆ ಸರಿಯಿಲ್ಲದ ಇಕ್ಕಟ್ಟಿನ ವಸತಿ, ಬಾಯಿ-ಗುದ ಸಂಪರ್ಕದ ಲೈಂಗಿಕ ಕ್ರಿಯೆ ಮುಖ್ಯವಾದವು. ಕೊನೆಯದನ್ನು ಕೇಳಲು ಸಂಕೋಚಪಟ್ಟರೆ ಸೋಂಕಿನ ಮೂಲವೇ ತಪ್ಪಿಹೋಗುತ್ತದೆ. ಗರ್ಭಿಣಿಯರು, ಎಳೆಮಕ್ಕಳು, ಅಪೌಷ್ಟಿಕತೆ ಇರುವವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ರೋಗ ಉಲ್ಬಣಿಸುವ ಸಂಭವ ಹೆಚ್ಚು.

ಮಾದರಿ ಸಂಗ್ರಹದಲ್ಲೇ ಬಹಳಷ್ಟು ಪರೀಕ್ಷೆಗಳು ಹಾಳಾಗುತ್ತವೆ. ಒಣಗಿದ, ಸ್ವಚ್ಛವಾದ, ಅಗಲ ಬಾಯಿಯ ಡಬ್ಬಿ ಬಳಸಿ. ಮೂತ್ರವಾಗಲಿ ನೀರಾಗಲಿ ಬೆರೆಯಬಾರದು. ಚಲಿಸುವ ಅಮೀಬಾ, ಅಂದರೆ ಟ್ರೋಫೋಜೋಯಿಟ್, ಅದರಿಂದ ಸಾಯುತ್ತದೆ. ರಕ್ತ, ಲೋಳೆ ಇರುವ ಭಾಗವನ್ನೇ ಆರಿಸಿ. ನೀರಾದ ಮಲವನ್ನು ಅರ್ಧ ಗಂಟೆಯೊಳಗೆ ನೋಡಬೇಕು. ಆಗದಿದ್ದರೆ ಒಂದು ಪಾಲನ್ನು ತಕ್ಷಣ ಸಂರಕ್ಷಕ ದ್ರಾವಣಕ್ಕೆ ಹಾಕಿ. ಅಮೀಬಾ ಪ್ರತಿದಿನ ಒಂದೇ ಪ್ರಮಾಣದಲ್ಲಿ ಹೊರಬೀಳುವುದಿಲ್ಲ, ಆದ್ದರಿಂದ ಹತ್ತು ದಿನಗಳೊಳಗೆ ಬೇರೆ ಬೇರೆ ದಿನ ಮೂರು ಮಾದರಿ ಕೊಡಿ. ಆ್ಯಂಟಿಬಯಾಟಿಕ್, ಎಕ್ಸ್-ರೇಗಾಗಿ ಕೊಡುವ ಬೇರಿಯಂ, ಕೆಲವು ಆ್ಯಂಟಾಸಿಡ್‌ಗಳು ಫಲಿತಾಂಶ ಕೆಡಿಸುತ್ತವೆ. ಏನೇ ತೆಗೆದುಕೊಂಡಿದ್ದರೂ ಪ್ರಯೋಗಾಲಯಕ್ಕೆ ತಿಳಿಸಿ.

ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕಾದ ಬಲವಾದ ಸುಳಿವು, ಕೆಂಪು ರಕ್ತಕಣ ನುಂಗಿರುವ ಟ್ರೋಫೋಜೋಯಿಟ್. ಪ್ರೌಢ ಸಿಸ್ಟ್ ಸಾಮಾನ್ಯವಾಗಿ 12ರಿಂದ 15 ಮೈಕ್ರಾನ್ ಗಾತ್ರದ್ದು, ಒಳಗೆ ನಾಲ್ಕು ನ್ಯೂಕ್ಲಿಯಸ್. ಕಣ್ಣು ಪಳಗಿಲ್ಲದಿದ್ದರೆ ಬಿಳಿ ರಕ್ತಕಣಗಳನ್ನೇ ಅಮೀಬಾ ಎಂದು ಬರೆದುಬಿಡುವುದುಂಟು.

ಹಿಸ್ಟೊಲಿಟಿಕಾಕ್ಕೇ ಮೀಸಲಾದ ಆ್ಯಂಟಿಜನ್ ಪರೀಕ್ಷೆ (ಅಮೀಬಾದ ಪ್ರೋಟೀನ್ ಹುಡುಕುವುದು) ಅಥವಾ ಪಿಸಿಆರ್ (ಅದರ ಡಿಎನ್‌ಎ ಹುಡುಕುವುದು) ಸಿಕ್ಕರೆ ಅದನ್ನೇ ಮಾಡಿಸಿ. ಫಾರ್ಮಲಿನ್‌ನಲ್ಲಿಟ್ಟ ಮಲ ಆ್ಯಂಟಿಜನ್ ಪರೀಕ್ಷೆಗೆ ನಡೆಯುವುದಿಲ್ಲ, ತಾಜಾ ಅಥವಾ ಹೆಪ್ಪುಗಟ್ಟಿಸಿದ ಮಾದರಿ ಬೇಕು. ಸೋಂಕಿನ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯ (ಆ್ಯಂಟಿಬಾಡಿ) ರೋಗ ಗುಣವಾದ ಮೇಲೂ ವರ್ಷಗಟ್ಟಲೆ ಉಳಿಯುತ್ತದೆ; ಸೋಂಕು ವ್ಯಾಪಕವಾಗಿರುವ ಕಡೆ ಅದೊಂದನ್ನೇ ನಂಬಿದರೆ ಹಳೆಯ ಸೋಂಕು ಹೊಸದೆನಿಸುತ್ತದೆ.

ಇಷ್ಟಾದರೂ ಅನುಮಾನ ತೀರದಿದ್ದರೆ ಕೊಲೊನೋಸ್ಕೋಪಿ (ದೊಡ್ಡ ಕರುಳಿಗೆ ಕ್ಯಾಮೆರಾ ನಳಿಕೆ ಇಳಿಸಿ ನೋಡುವುದು) ಮಾಡಿ, ಹುಣ್ಣಿನ ಅಂಚಿನಿಂದ ಬಯಾಪ್ಸಿ, ಅಂದರೆ ಪರೀಕ್ಷೆಗೆ ಅಂಗಾಂಶದ ಚೂರು, ತೆಗೆಯಬೇಕು. ಹುಣ್ಣಿನ ನಡುವೆ ಸತ್ತ ಅಂಗಾಂಶವೇ ಹೆಚ್ಚಿರುತ್ತದೆ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಲ್ಲಿ ಉರಿಯೂತ, ಹುಣ್ಣು ತರುವ ಬೇರೊಂದು ಕಾಯಿಲೆ) ಎಂದು ಭಾವಿಸಿ ಸ್ಟೀರಾಯ್ಡ್ ಶುರು ಮಾಡುವ ಮುಂಚೆ ಅಮೀಬಾ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಅಮೀಬಾ ಇದ್ದು ಸ್ಟೀರಾಯ್ಡ್ ಕೊಟ್ಟರೆ ಕರುಳು ತೂತಾಗಿ ಪ್ರಾಣಕ್ಕೇ ಕುತ್ತು ಬರಬಹುದು.

ಸೋಂಕು ಖಚಿತವಾದರೆ ವೈದ್ಯರು ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ ಕೊಡುತ್ತಾರೆ. ಕರುಳಿನ ಒಳಪೊಳ್ಳಿನಲ್ಲಿರುವ ಸಿಸ್ಟ್‌ಗಳಿಗೆ ಅದು ಸಾಲದು. ಬಳಿಕ ಪ್ಯಾರೊಮೊಮೈಸಿನ್ ಅಥವಾ ಡೈಲೊಕ್ಸನೈಡ್ ಬೇಕು. ಹಿಸ್ಟೊಲಿಟಿಕಾ ಎಂದು ದೃಢಪಟ್ಟರೆ ಲಕ್ಷಣವಿಲ್ಲದವರಿಗೂ ಈ ಎರಡನೇ ಬಗೆಯ ಔಷಧಿ ಕೊಡಬೇಕು. ಜ್ವರದ ಜೊತೆ ಬಲ ಪಕ್ಕೆಲುಬಿನ ಕೆಳಗೆ ನೋವಿದ್ದರೆ ಮಲದಲ್ಲಿ ಏನೂ ಸಿಗದಿದ್ದರೂ ಯಕೃತ್ತಿನ ಕೀವುಗಡ್ಡೆಗಾಗಿ ಕೂಡಲೇ ಅಲ್ಟ್ರಾಸೌಂಡ್ ಮಾಡಿಸಿ.