‘ಸುಸ್ತು’ ಅನ್ನುವ ಮಾತಿನಿಂದ ಶುರುವಾದ ಪಾಠ

2019ರಲ್ಲಿ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ (ಓದಿದ್ದಕ್ಕಿಂತ ಮಾಡಿ ತೋರಿಸುವುದಕ್ಕೆ ಒತ್ತು ಕೊಡುವ) ಪಠ್ಯಕ್ರಮ ಬಂದಾಗ ಅದರ ಗುರಿ ಓದಿ ಖುಷಿಪಟ್ಟಿದ್ದೆ: ಇಲ್ಲಿ ಓದಿದವರು ಜನರಿಗೆ ಮೊದಲು ಸಿಗುವ ಡಾಕ್ಟರಾಗಬೇಕು. ಆದರೆ ನಮ್ಮ ಮಕ್ಕಳು ವರ್ಷಗಟ್ಟಲೆ ಕಲಿಯುವುದು ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ. ಅಲ್ಲಿರುವವರನ್ನು ಬೇರೆ ಯಾರೋ ಆಗಲೇ ನೋಡಿ, ಕಾಯಿಲೆಗೊಂದು ಹೆಸರಿಟ್ಟಿರುತ್ತಾರೆ. ಜನರಲ್ ಪ್ರಾಕ್ಟೀಸ್‌ಗೆಂದು, ಅಂದರೆ ಊರ ಕ್ಲಿನಿಕ್‌ನ ದಿನನಿತ್ಯದ ವೈದ್ಯಕೀಯ ಕಲಿಯಲೆಂದು, ಎರಡು ವಾರದ ಪೋಸ್ಟಿಂಗ್ ರೂಪಿಸುವ ಕೆಲಸ ಕಮ್ಯುನಿಟಿ ಮೆಡಿಸಿನ್ ವಿಭಾಗದ ನನಗೆ ಬಂತು.

ಮೊದಲ ಕರಡು ಚೆನ್ನಾಗಿರಲಿಲ್ಲ. ಒಂದೊಂದು ವಿಭಾಗದಿಂದ ಐದೈದು ಕಾಯಿಲೆ ಕೇಳಿ ತಂದು ಜೋಡಿಸಿದ್ದೆ. ಕ್ಲಿನಿಕ್‌ಗೆ ಹೋದ ವಿದ್ಯಾರ್ಥಿಗಳು ಡಾಕ್ಟರ ಕುರ್ಚಿಯ ಹಿಂದೆ ಗೋಡೆಗೊರಗಿ ನಿಂತು ವಾಪಸ್ ಬಂದರು.

ಆಮೇಲೆ ನಾನೇ ತಾಲ್ಲೂಕು ಪೇಟೆಯ ಹಿರಿಯ ವೈದ್ಯರೊಬ್ಬರ ಕ್ಲಿನಿಕ್‌ನಲ್ಲಿ ಒಂದು ವಾರ ಕೂತೆ. ಬಂದವರು ಆಡುವ ಮೊದಲ ಮಾತನ್ನು ಹಾಗ್ಹಾಗೇ ಬರೆದುಕೊಂಡೆ. “ಸುಸ್ತು.” “ತಲೆ ಗಿಂ ಅನ್ನುತ್ತೆ.” “ಎದೇಲಿ ಒಂಥರಾ.” “ಗ್ಯಾಸ್ಟ್ರಿಕ್ಕು ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕ್ಬಿಡಿ.” ಹೀಗೆ ಗ್ಯಾಸ್ಟ್ರಿಕ್ ಅಂತ ಬಂದ, ಐವತ್ತು ದಾಟಿದವರೊಬ್ಬರನ್ನು ಆ ವೈದ್ಯರು ಕೇಳಿದರು: “ಮೆಟ್ಲು ಹತ್ತಿದ್ರೆ ಜಾಸ್ತಿ ಆಗುತ್ತಾ ಯಜಮಾನ್ರೇ?” ಹೌದೆಂದರು. ಔಷಧಿ ಚೀಟಿ ಬದಿಗಿಟ್ಟು ಮೊದಲು ಇಸಿಜಿ ಮಾಡಿಸಿದರು. ಅದೇ ಮಾತು ಹೇಳಿದ ಕಾಲೇಜು ಹುಡುಗನಿಗೆ, “ಬೆಳಿಗ್ಗೆ ತಿಂಡಿ ತಿಂತೀಯೇನಪ್ಪಾ?”

ಆ ನೋಟ್‌ಬುಕ್ಕೇ ನಮ್ಮ ಪಠ್ಯವಾಯಿತು. ಕಾಯಿಲೆಯ ಪಟ್ಟಿ ಬಿಟ್ಟು, ದಿನಕ್ಕೊಂದು ದೂರು ಇಟ್ಟೆವು. ರೋಗಿಯ ಜೊತೆ ಮೊದಲು ವಿದ್ಯಾರ್ಥಿಯೇ ಮಾತಾಡಬೇಕು. ಇವತ್ತೇ ಗುರುತಿಸದಿದ್ದರೆ ಜೀವಕ್ಕೆ ಅಪಾಯ ಯಾವುದು, ಕಾದು ನೋಡಬಹುದಾದದ್ದು ಯಾವುದು, ಮತ್ತೆ ಯಾವಾಗ ಬರಹೇಳಬೇಕು ಎಂದು ಬರೆದಿಟ್ಟ ಮೇಲೆಯೇ ಡಾಕ್ಟರ ಅಭಿಪ್ರಾಯ ಕೇಳುವುದು. ಮೂರನೆಯ ಪ್ರಶ್ನೆ ಮಕ್ಕಳಿಗೆ ತುಂಬ ಕಷ್ಟವಾಯಿತು. ವಾರ್ಡಿನಲ್ಲಿ ರೋಗಿ ಮಂಚದ ಮೇಲೇ ಇರುತ್ತಾರಲ್ಲ!

ಟೈಮ್ ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳಿದ್ದು ನ್ಯಾಯವೇ. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಮನೆಗಳಿಗೆ ಹೋಗಿಬಂದು ಅವರ ಆರೋಗ್ಯ ಗಮನಿಸುವ ಕುಟುಂಬ ದತ್ತು ಕಾರ್ಯಕ್ರಮ ಬಂದ ಮೇಲೆ ಸ್ವಲ್ಪ ದಾರಿಯಾಯಿತು. ತಾನು ದತ್ತು ತೆಗೆದುಕೊಂಡ ಮನೆಯ ಅಜ್ಜಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಯಾಕೆ ಅರ್ಧ ಮಾಡಿ ನುಂಗುತ್ತಾರೆ ಅನ್ನುವುದು ವಿದ್ಯಾರ್ಥಿಗೆ ಅಡುಗೆಮನೆಯಲ್ಲಿ ತಿಳಿಯುತ್ತದೆ, ಒಪಿಡಿಯಲ್ಲಲ್ಲ.

ಪರೀಕ್ಷೆಗೆ ಬಾರದ್ದನ್ನು ಯಾರೂ ಓದುವುದಿಲ್ಲ. ಅದಕ್ಕೆ ಇಂಟರ್ನಲ್ಸ್‌ನಲ್ಲಿ ಒಂದು ಸ್ಟೇಷನ್, ಅಂದರೆ ರೋಗಿಯನ್ನು ಮಾತಾಡಿಸಿ ತೋರಿಸಬೇಕಾದ ಒಂದು ಹಂತ, ಇಟ್ಟೆವು: ನಮ್ಮ ವಿಭಾಗದ ಆಯಮ್ಮ ರೋಗಿಯಾಗಿ ಕೂತು “ಸುಸ್ತು” ಅನ್ನುತ್ತಾರೆ. ಹೆಚ್ಚಿನವರು ಹಿಮೋಗ್ಲೋಬಿನ್ ರಕ್ತ ಪರೀಕ್ಷೆಗೆ ಬರೆದು ಎದ್ದರು. ಒಬ್ಬ ಹುಡುಗಿ ಮಾತ್ರ “ರಾತ್ರಿ ನಿದ್ದೆ ಬರುತ್ತಾ ಅಮ್ಮಾ?” ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನಿದ್ದಳು.

ಕಲಿಸುವ ಊರ ವೈದ್ಯರಿಗೆ ಗೌರವಧನ ಇನ್ನೂ ಮಂಜೂರಾಗಿಲ್ಲ. ರೋಗಿಗಳ ಸಾಲು ಹಿಡಿದಿಟ್ಟು ಅವರು ನಮ್ಮ ಮಕ್ಕಳಿಗೆ ಸಮಯ ಕೊಡುತ್ತಿದ್ದಾರೆ. ಪ್ರತಿ ಮೀಟಿಂಗಿನಲ್ಲೂ ಇದನ್ನೇ ಎತ್ತುತ್ತಿದ್ದೇನೆ.