ಎರಡು ನೋವಿನ ಔಷಧಿ, 78 ಇಲಿ

ಎಂ.ಫಾರ್ಮ್ ಥೀಸಿಸ್‌ಗೆ ಪ್ಯಾರಾಸಿಟಮಾಲ್–ಟ್ರಾಮಡಾಲ್ ಜೋಡಿ ತಗೊಂಡಾಗ ಕೆಲಸ ಸುಲಭ ಅಂದುಕೊಂಡಿದ್ದೆ. ಇವೆರಡೂ ಸೇರಿದ ಮಾತ್ರೆ ಆಗಲೇ ಮಾರುಕಟ್ಟೆಯಲ್ಲಿದೆ, 325 ಮಿ.ಗ್ರಾಂ ಪ್ಯಾರಾಸಿಟಮಾಲ್, 37.5 ಮಿ.ಗ್ರಾಂ ಟ್ರಾಮಡಾಲ್. ನನ್ನ ಪ್ಲಾನ್ ಹೀಗಿತ್ತು: ಒಂದು ಗುಂಪಿಗೆ ಏನೂ ಇಲ್ಲ, ಒಂದಕ್ಕೆ ಇದು, ಒಂದಕ್ಕೆ ಅದು, ಇನ್ನೊಂದಕ್ಕೆ ಎರಡೂ. ಗುಂಪಿಗೆ 6 ಇಲಿ, ಒಟ್ಟು 24. ಎರಡೂ ಕೊಟ್ಟ ಗುಂಪಿನಲ್ಲಿ ನೋವು ಇನ್ನೂ ಕಡಿಮೆಯಾದರೆ ಸಿನರ್ಜಿ, ಅಂದರೆ ಎರಡೂ ಸೇರಿ ಬರೀ ಕೂಡಿಸಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿವೆ ಅಂತ, ಮುಗೀತು.

ಗೈಡ್ ಮೇಡಂ ಓದಿ ನಕ್ಕರು. ಕಾಲೇಜಿನ ಎದುರಿನ ದರ್ಶಿನಿಗೆ ಕರೆದುಕೊಂಡು ಹೋಗಿ ಬೈ-ಟು ಹೇಳಿ, ನಿಂತುಕೊಂಡೇ ಕೇಳಿದರು: "ಒಂದು ಲೋಟ ಕಾಫಿಗೆ ನಿದ್ದೆ ಹೋಗತ್ತೆ. ಒಂದು ಲೋಟ ಟೀಗೂ ಹೋಗತ್ತೆ. ಎರಡೂ ಪೂರ್ತಿ ಕುಡಿದ್ರೆ ಜಾಸ್ತಿ ಎಚ್ಚರ ಇರ್ತೀಯ, ಅದರಲ್ಲೇನಮ್ಮ ಸಿನರ್ಜಿ? ಅರ್ಧ ಕಾಫಿ, ಅರ್ಧ ಟೀಗೆ ಅಷ್ಟೇ ಎಚ್ಚರ ಆದ್ರೆ ಅದು ಬರೀ ಕೂಡಿಸೋ ಲೆಕ್ಕ. ಕಾಲು ಕಾಲು ಲೋಟಕ್ಕೇ ಆಯ್ತು ಅನ್ನು, ಆಗ ಮಾತಾಡೋಣ."

ಇದೇ ಇಡೀ ಕೆಲಸದ ತಿರುಳು. ಮೊದಲು ಒಂದೊಂದು ಔಷಧಿಯೂ ಒಂಟಿಯಾಗಿ ನೋವನ್ನು ಅರ್ಧಕ್ಕೆ ಇಳಿಸುವ ಡೋಸ್ ಯಾವುದು ಅಂತ ಗೊತ್ತಿರಬೇಕು. ಅದನ್ನೇ ಇಡಿ50 ಅನ್ನುವುದು. ಸುಮ್ನೆ ಲೆಕ್ಕಕ್ಕೆ, ಒಂದರದ್ದು 100, ಇನ್ನೊಂದರದ್ದು 10 ಅಂದುಕೊಳ್ಳಿ. 50 ಮತ್ತು 5 ಸೇರಿಸಿದಾಗ ನೋವು ಅರ್ಧ ಇಳಿದರೆ ವಿಶೇಷ ಏನಿಲ್ಲ. 30 ಮತ್ತು 3ಕ್ಕೇ ಇಳಿದರೆ 30/100 ಕೂಡಿಸು 3/10, ಅಂದರೆ 0.6. ಈ ಸಂಖ್ಯೆ 1ಕ್ಕಿಂತ ಚೆನ್ನಾಗಿ ಕೆಳಗಿದ್ದರೆ ಸಿನರ್ಜಿ, ಮೇಲಿದ್ದರೆ ಒಂದು ಇನ್ನೊಂದರ ಕಾಲೆಳೆಯುತ್ತಿದೆ ಅಂತ ಅರ್ಥ. ಗ್ರಾಫ್‌ನ ಎರಡು ಅಕ್ಷಗಳ ಮೇಲೆ ಎರಡು ಇಡಿ50 ಗುರುತು ಮಾಡಿ ಗೆರೆ ಎಳೆದು, ಮಿಶ್ರಣದ ಚುಕ್ಕಿ ಎಲ್ಲಿ ಬೀಳುತ್ತದೆ ಅಂತ ನೋಡುವುದಕ್ಕೆ ಐಸೋಬೋಲೋಗ್ರಾಂ ಅಂತ ಹೆಸರು.

ಹಾಗಾಗಿ ಪ್ರತಿ ಔಷಧಿಗೆ 4 ಡೋಸ್, ಮಿಶ್ರಣಕ್ಕೆ 4, ಔಷಧಿ ಕೊಡದ ಒಂದು ಕಂಟ್ರೋಲ್ ಗುಂಪು. 13 ಗುಂಪು, 78 ಇಲಿ. ಎಥಿಕ್ಸ್ ಸಮಿತಿಯಲ್ಲಿ ಇಷ್ಟು ಯಾಕೆ ಅಂತ ಕೇಳಿಯೇ ಕೇಳಿದರು, ಕೇಳಲೇಬೇಕು ಕೂಡ. ಆದರೆ 24 ಇಲಿಗೆ ನೋವು ಕೊಟ್ಟು ಕೊನೆಗೆ ಏನೂ ತಿಳಿಯದೇ ಹೋಗುವುದು ಅದಕ್ಕಿಂತ ದೊಡ್ಡ ಪಾಪ ಅಂತ ನನಗೆ ಈಗಲೂ ಅನಿಸುತ್ತದೆ. ಟ್ರಾಮಡಾಲ್ 2018ರಿಂದ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ ಬಂದಿರುವುದರಿಂದ ಅದರ ಕಾಗದಪತ್ರದ ಓಡಾಟವೇ ಬೇರೆ ಕಥೆ, ಬಿಡಿ.

ಟೆಸ್ಟ್ ರೈದಿಂಗ್. 0.6% ಅಸಿಟಿಕ್ ಆಸಿಡ್ ಹೊಟ್ಟೆಯೊಳಕ್ಕೆ ಕೊಟ್ಟರೆ ಇಲಿ ಹೊಟ್ಟೆ ಸೆಳೆದುಕೊಂಡು ಹಿಂಗಾಲು ಚಾಚುತ್ತದೆ. ಅದನ್ನು ಎಣಿಸಬೇಕು. ಮೊದಲ ದಿನ ನನಗೆ ಮಧ್ಯಾಹ್ನ ಊಟ ಸೇರಲಿಲ್ಲ. ಎಣಿಸುವವರಿಗೆ ಯಾವ ಇಲಿಗೆ ಏನು ಕೊಟ್ಟಿದೆ ಅಂತ ಗೊತ್ತಿರಲೇಬಾರದು. ಅರೆಬರೆ ಸೆಳೆತ ಬಂದಾಗ ಎಣಿಸಲೋ ಬಿಡಲೋ ಅನ್ನುವ ಆ ಒಂದು ಕ್ಷಣದಲ್ಲಿ ಮನಸ್ಸು ತನಗೆ ಬೇಕಾದ ಕಡೆಗೇ ವಾಲುತ್ತದೆ, ನನ್ನದೂ ವಾಲಿತ್ತು. ಆಮೇಲೆ ಸಿರಿಂಜ್‌ಗಳಿಗೆ ಗೆಳತಿ ಕೈಲಿ ಕೋಡ್ ಬರೆಸಿದೆ. ಇಣುಕಲು ಬರುತ್ತಿದ್ದ ಸೀನಿಯರ್ ಹುಡುಗರನ್ನೂ ಆಚೆ ಕಳಿಸಿದೆ. ತಮಾಷೆ ಅಲ್ಲ, ಗಂಡಸರ ವಾಸನೆಗೇ ಇಲಿಗಳು ಒತ್ತಡಕ್ಕೆ ಸಿಕ್ಕಿ ನೋವು ತೋರಿಸುವುದು ಕಡಿಮೆಯಾಗುತ್ತದೆ ಅಂತ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2014ರಲ್ಲೇ ತೋರಿಸಿದ್ದಾರೆ.

ನಾನು ಮುಗ್ಗರಿಸಿದ್ದು ಮಿಶ್ರಣದ ಅತಿ ಹೆಚ್ಚಿನ ಡೋಸ್‌ನಲ್ಲಿ. ಸೆಳೆತ ಹೆಚ್ಚೂಕಡಿಮೆ ಸೊನ್ನೆ! ಮನೆಗೆ ಹೋಗುವಾಗ ಬಸ್ಸಿನಲ್ಲೇ ಪೇಪರ್‌ಗೆ ಹೆಸರು ಯೋಚಿಸಿದ್ದೆ. ಮಾರನೇ ದಿನ ಅನಿಮಲ್ ಹೌಸ್‌ನ ಅಣ್ಣ, ಓದಿದ್ದು ಏಳನೇ ಕ್ಲಾಸ್, ಹೇಳಿದರು: "ಮೇಡಂ, ನೆನ್ನೆ ಅವು ತೂಕಡಿಸ್ತಿದ್ವು. ಬಾಲ ಮುಟ್ಟಿದ್ರೂ ಅಲ್ಲಾಡ್ತಿರ್ಲಿಲ್ಲ." ಅದೇ ಡೋಸ್ ಬೇರೆ ಇಲಿಗಳಿಗೆ ಕೊಟ್ಟು ರೋಟಾರಾಡ್‌ನ ತಿರುಗುವ ಕೋಲಿನ ಮೇಲೆ ಬಿಟ್ಟರೆ ಒಂದೊಂದೇ ಬಿದ್ದವು. ನೋವು ಹೋಗಿತ್ತೋ, ಒದ್ದಾಡುವ ಶಕ್ತಿಯೇ ಹೋಗಿತ್ತೋ, ಹೇಗೆ ಹೇಳುವುದು? ಆ ಡೋಸ್ ಕೈಬಿಟ್ಟು ಕೆಳಗೆ ಒಂದು ಮೆಟ್ಟಿಲು ಸೇರಿಸಿದೆ. ಸಮಿತಿಗೆ ಮತ್ತೊಂದು ಪತ್ರ, ಮತ್ತಷ್ಟು ಇಲಿ. ರೋಟಾರಾಡ್ ಮೊದಲೇ ಮಾಡಿದ್ದರೆ ಇದೆಲ್ಲ ಉಳಿಯುತ್ತಿತ್ತು.

ಕೊನೆಗೆ ಚುಕ್ಕಿ ಗೆರೆಯ ಕೆಳಗೇ ಬಿತ್ತು, ಅಂದರೆ ಸಿನರ್ಜಿ. ಅದರ 95% ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ಲೆಕ್ಕ ಹೆಚ್ಚುಕಡಿಮೆಯಾಗಬಹುದಾದ ವ್ಯಾಪ್ತಿ, ಕೂಡ ಗೆರೆ ಮುಟ್ಟಲಿಲ್ಲ. ಆದರೆ ನಾನು ನೋಡಿದ್ದು ಎರಡು ಔಷಧಿಗಳ ಒಂದೇ ಅನುಪಾತ. ಟಲ್ಲಾರಿಡಾ ಮತ್ತು ರಫಾ ಅನ್ನುವ ಸಂಶೋಧಕರು ಇದೇ ಜೋಡಿಯನ್ನು 1996ರಲ್ಲೇ ಹಲವು ಅನುಪಾತಗಳಲ್ಲಿ ಪರೀಕ್ಷಿಸಿದ್ದರು. ವೈವಾದಲ್ಲಿ ಪರೀಕ್ಷಕರು ಇನ್ನೊಂದು ಕೇಳಿದರು: ಒಂದು ಔಷಧಿ ಇನ್ನೊಂದನ್ನು ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಸಿದ್ದರೂ ಹೀಗೇ ಕಾಣುತ್ತದಲ್ವಾ, ರಕ್ತದ ಮಟ್ಟ ನೋಡಿದಿರಾ? ನೋಡಿರಲಿಲ್ಲ. ಹಾಗಂತಲೇ ಹೇಳಿದೆ. ಥೀಸಿಸ್‌ನಲ್ಲಿ ಮೇಡಂ ಮೊದಲೇ ಸೇರಿಸಿದ್ದ ಸಾಲನ್ನು ತೋರಿಸಿದೆ: ಈ ಅನುಪಾತದಲ್ಲಿ, ಈ ಟೆಸ್ಟ್‌ನಲ್ಲಿ, ಈ ಇಲಿಗಳಲ್ಲಿ.