ತಲಬು ಎದ್ದಾಗ ನಾನು ಮಾಡಿದ ನಿರ್ಧಾರಗಳು

ಕಲಬುರಗಿ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. 14 ವರ್ಷ ಸಿಗರೇಟು ಸೇದಿದೆ. ಬಿಟ್ಟು ಈಗ 3 ವರ್ಷ. ಬಿಡಲೇಬೇಕು ಅನ್ನಿಸಿದ್ದು ತೊಗರಿ ಮಾರಿದ ದಿನ.

ಆ ಜನವರಿಯಲ್ಲಿ ನಮ್ಮ ಹೊಲದ 12 ಚೀಲ ತೊಗರಿ ತಂದಿದ್ದೆವು. ಟೆಂಡರ್‌ನಲ್ಲಿ ದರ ಬಂತು. ಅಣ್ಣ, "ತಡಿಯೋ, ಇವತ್ತು ಮಾಲು ಬಾಳ ಬಂದದ, ನಾಳೆ ನೋಡಮ್" ಅಂದ. ನಾನು ಬೆಳಗಿನಿಂದ ಒಂದೂ ಸೇದಿರಲಿಲ್ಲ. ತಲಬು, ಅಂದರೆ ಸೇದಲೇಬೇಕು ಅನ್ನುವ ಚಡಪಡಿಕೆ, ಎದ್ದಿತ್ತು. ಕಿವಿಗೆ ಮಾತೇ ಹೋಗುತ್ತಿರಲಿಲ್ಲ. "ಕೊಟ್ಟುಬಿಡು" ಅಂದು ಒಪ್ಪಿಕೊಂಡು ಸಿಗರೇಟಿನ ಡಬ್ಬಾ ಅಂಗಡಿಗೆ ಓಡಿದೆ. ನಾಲ್ಕೇ ದಿನಕ್ಕೆ ದರ ಏರಿತು. ದರ ಯಾರ ಕೈಯಲ್ಲೂ ಇಲ್ಲ, ಬಿಡಿ. ಆದರೆ ಆ ಗಳಿಗೆಯಲ್ಲಿ ನಾನು ದರದ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಅಣ್ಣ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಆಮೇಲೆ ಓದತೊಡಗಿದೆ. ಎಳೆದ ಹೊಗೆಯ ನಿಕೋಟಿನ್ 10-20 ಸೆಕೆಂಡಿನಲ್ಲಿ ಮಿದುಳಿಗೆ ಮುಟ್ಟುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅರ್ಧ ಇಳಿಯುತ್ತದೆ. ಮತ್ತೆ ಕಿರಿಕಿರಿ, ಮತ್ತೆ ಅವಸರ. ಅಮೆರಿಕದಲ್ಲಿ ವಾರನ್ ಬಿಕೆಲ್ ಮತ್ತು ಸಂಗಡಿಗರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಈಗಲೇ ಕಡಿಮೆ ದುಡ್ಡು ಬೇಕೋ, ತಡವಾಗಿ ಜಾಸ್ತಿ ಬೇಕೋ ಅಂತ ಕೇಳಿದರೆ, ಸೇದುವವರು ಈಗಿನದರ ಕಡೆಗೇ ಹೆಚ್ಚು ವಾಲಿದರು. ಬಿಟ್ಟವರ ಉತ್ತರ ಮಾತ್ರ ಎಂದೂ ಸೇದದವರಂತೆಯೇ ಇತ್ತು. ಸೇದಿದ್ದಕ್ಕೆ ಅವಸರ ಬಂತೋ, ಅವಸರದವರೇ ಸೇದುತ್ತಾರೋ, ಆ ಒಂದರಿಂದ ಹೇಳಲಾಗದು. ಆದರೂ ಬಿಟ್ಟವರ ಸಾಲು ಓದಿ ನನಗೆ ಧೈರ್ಯ ಬಂತು.

ನಾನು ಮಾಡಿದ್ದು ಇಷ್ಟೇ. ನಿರ್ಧಾರವನ್ನು ಡಬ್ಬಾ ಅಂಗಡಿ ಎದುರಿನಿಂದ ತೆಗೆದು ಮನೆಗೆ ತಂದೆ. ನಾಳೆ ಏನು ಮಾಡಬೇಕು ಅನ್ನುವುದು ರಾತ್ರಿ ರೊಟ್ಟಿ ತಿಂದ ಮೇಲೆ, ಮನಸ್ಸು ತಣ್ಣಗಿದ್ದಾಗ ನಿಕ್ಕಿ. ಚಹಾಕ್ಕೆ ಹೊರಗೆ ಹೋಗುವಾಗ ಮೊಬೈಲು, ದುಡ್ಡು ಎರಡೂ ಗಲ್ಲಾದಲ್ಲೇ. ಚಹಾದ ಲೆಕ್ಕ ತಿಂಗಳಿಗೊಮ್ಮೆ ಕೊಡುತ್ತಿದ್ದೆ. ಒಂದೊಂದೇ ಸಿಗರೇಟು ಕೊಳ್ಳುವವನಿಗೆ ಸ್ಕ್ಯಾನ್ ಮಾಡುವುದು ಎಷ್ಟು ಹೊತ್ತು, ಹೇಳಿ? ತಲಬು ಎದ್ದರೆ ಜೇಬಿನ ಪುಟಾಣಿ (ಹುರಿಗಡಲೆ) ಬಾಯಿಗೆ ಹಾಕಿ ಗೋಡೆಯ ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದೆ. ಹತ್ತು ನಿಮಿಷ. ಮೊದಲ ಮೂರು ನಿಮಿಷ ಬಹಳ ಕಷ್ಟ. ಆಮೇಲೆ ತಾನೇ ಇಳಿಯುತ್ತದೆ.

1800-112-356ಕ್ಕೆ ಫೋನ್ ಮಾಡಿದೆ. ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ ಅದು, ದುಡ್ಡಿಲ್ಲ. ವೈದ್ಯರು 2 ಮಿಲಿಗ್ರಾಂ ನಿಕೋಟಿನ್ ಗಮ್ ಬರೆದುಕೊಟ್ಟರು. ಮೊದಲ ದಿನ ಅದನ್ನು ಎಲೆ-ಅಡಿಕೆ ಹಾಗೆ ಗಬಗಬ ಅಗಿದೆ. ಗಂಟಲು ಉರಿ, ಬಿಕ್ಕಳಿಕೆ. ಸ್ವಲ್ಪ ಅಗಿಯಬೇಕು, ಜುಮ್ಮೆಂದಾಗ ಕೆನ್ನೆ ಸಂದಿಯಲ್ಲಿ ಇಟ್ಟು ಸುಮ್ನಿರಬೇಕು. ಅದು ಗೊತ್ತಾದ ಮೇಲೆ ಹಿಡಿಸಿತು.

ಶರಣಬಸವೇಶ್ವರರ ಜಾತ್ರೆಯಲ್ಲಿ ತಪ್ಪಿದೆ. ಗೆಳೆಯ ಕೊಟ್ಟ, ಎರಡು ಸೇದಿದೆ. "ಹೋಯ್ತು, ಇನ್ನೇನು" ಅನ್ನುವ ಮಾತು ಒಳಗೆ ಎದ್ದಿತು. ಅದೂ ತಲಬಿನ ಮಾತೇ ಅಂತ ಗುರುತು ಸಿಕ್ಕಿತು. ಮರುದಿನ ಬೆಳಿಗ್ಗೆ ಮತ್ತೆ ಪುಟಾಣಿ ಕಟ್ಟಿಕೊಂಡು ಹೊರಟೆ.

ಈಗ ನನಗೆ ಚಿಂತೆ ಅಣ್ಣನ ಮಗನದು. ಪೆನ್ನಿನಂಥ ಒಂದು ವೇಪ್, ಅಂದರೆ ಇ-ಸಿಗರೇಟು, ಹಿಡಿದು, "ಕಾಕಾ, ಇದು ಬರೀ ಹಬೆ" ಅಂದ. ನಮ್ಮ ದೇಶದಲ್ಲಿ ಇದರ ಮಾರಾಟ 2019ರಿಂದಲೇ ನಿಷೇಧ. ಒಳಗೆ ನಿಕೋಟಿನ್ ಇದೆ ಅಂತ ಅದರ ಡಬ್ಬಿಯ ಮೇಲೇ ಬರೆದಿತ್ತು. ಸಿಗರೇಟಾದರೆ ಕೊನೆಗೆ ತುಂಡು ಉಳಿಯುತ್ತದೆ, ಅಲ್ಲೊಂದು ಕ್ಷಣ ನಿಲ್ಲುತ್ತೇವೆ. ಇದಕ್ಕೆ ಕೊನೆಯೇ ಇಲ್ಲ, ಇಡೀ ದಿನ ಅಂಗೈಯಲ್ಲೇ. ನಾನು ಬೈಯಲಿಲ್ಲ. "ಅದನ್ನ ಗಾಡಿ ಡಿಕ್ಕಿಯಾಗ ಇಡು, ಬೇಕಾದಾಗ ಕೆಳಗಿಳಿದು ಹೋಗಿ ತಗೊ" ಅಂದೆ. ಇನ್ನೂ ಬಿಟ್ಟಿಲ್ಲ. ಆದರೆ ಮೂರನೇ ಮಹಡಿಯಿಂದ ಎಲ್ಲ ಸಲವೂ ಇಳಿಯುವುದಿಲ್ಲವಂತೆ.